ರೆಕಾರ್ಡ್ ಮಾಡಿದ ಹಾಡು ಹಾಡಿದವರಿಗೆ ವಾಪಸ್ ಸಿಗಬೇಕು

ಒಂದು ಸಮುದಾಯದ ಹಾಡೋ ಕಥೆಯೋ ಎಲ್ಲೋ ಒಂದು ಕಡೆ ರೆಕಾರ್ಡ್ ಆಗಿ ಭದ್ರವಾಗಿದೆ ಅಂತ ಗೊತ್ತಾದರೆ, ಸದ್ಯ ಉಳೀತಲ್ಲ ಅಂತ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ನನಗೆ ಅಷ್ಟು ಸಾಲದು. ಟೇಪು ದೂರದ ಯಾವುದೋ ದೇಶದ ಕಪಾಟಿನಲ್ಲಿದೆ, ಹಾಡಿದವರ ಮೊಮ್ಮಕ್ಕಳಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ ಅಂದರೆ, ಅದು ಯಾರ ಪಾಲಿಗೆ ಉಳಿದ ಹಾಗಾಯಿತು?

ಈ ಪ್ರಶ್ನೆ ಹೊಸದೇನಲ್ಲ. ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಫೋನೋಗ್ರಾಫ್ ಯಂತ್ರವನ್ನು ಎಡಿಸನ್ ಕಂಡುಹಿಡಿದದ್ದು 1877ರಲ್ಲಿ. 1890ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅನ್ನುವ ಸಂಶೋಧಕರು ಅಂಥದ್ದೊಂದು ಯಂತ್ರ ತೆಗೆದುಕೊಂಡು ಅಮೆರಿಕದ ಮೇಯ್ನ್ ರಾಜ್ಯಕ್ಕೆ ಹೋಗಿ, ಅಲ್ಲಿನ ಮೂಲನಿವಾಸಿಗಳಾದ ಪ್ಯಾಸಮಕ್ವಾಡಿ ಜನರ ಹಾಡು, ಕಥೆ, ಮಾತುಗಳನ್ನು ಮೇಣದ ಸಿಲಿಂಡರ್‌ಗಳಲ್ಲಿ ಹಿಡಿದರು. ಜನ ಇರುವಲ್ಲಿಗೇ ಹೋಗಿ ಮಾಡಿದ ಇಂಥ ಧ್ವನಿಮುದ್ರಣಗಳಲ್ಲಿ ಇವೇ ಮೊದಲನೆಯವು ಅಂತ ಹೇಳುತ್ತಾರೆ. ಒಂದು ಸಿಲಿಂಡರ್‌ನಲ್ಲಿ ಎರಡು ಮೂರು ನಿಮಿಷದ ಧ್ವನಿ ಮಾತ್ರ ಹಿಡಿಸುತ್ತಿತ್ತು. ಅದು ತುಂಬಿತು ಅಂದರೆ ಹಾಡು ಅರ್ಧಕ್ಕೇ ನಿಲ್ಲಬೇಕು. ಆ ಕಾಲದ ಹಾಡುಗಳೆಲ್ಲ ಚಿಕ್ಕವು ಅಂತ ಇವತ್ತು ಯಾರಿಗಾದರೂ ಅನಿಸಿದರೆ, ಚಿಕ್ಕದಾಗಿದ್ದದ್ದು ಹಾಡಲ್ಲ, ಸಿಲಿಂಡರ್.

ಆ ಸಿಲಿಂಡರ್‌ಗಳು ಹಾರ್ವರ್ಡ್‌ನ ಮ್ಯೂಸಿಯಂನಲ್ಲಿದ್ದವು, ಆಮೇಲೆ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಇಂಥ ಹಳೆಯ ಸಿಲಿಂಡರ್‌ಗಳನ್ನು ಟೇಪಿಗಿಳಿಸಿ, ಪ್ರತಿಗಳನ್ನು ಆಯಾ ಸಮುದಾಯಗಳಿಗೆ ತಲುಪಿಸುವ ಯೋಜನೆ ಶುರುವಾದದ್ದು 1979ರಲ್ಲಿ. ಅಂದರೆ ಸುಮಾರು ತೊಂಬತ್ತು ವರ್ಷ ಬೇಕಾಯಿತು. ಇತ್ತೀಚಿನ ವರ್ಷಗಳಲ್ಲಿ ಅವನ್ನೇ ಇನ್ನಷ್ಟು ಸ್ವಚ್ಛಗೊಳಿಸಿ ಕೇಳಿಸಿದಾಗ, ಪ್ಯಾಸಮಕ್ವಾಡಿ ಭಾಷೆ ಬಲ್ಲ ಹಿರಿಯರು ಕೂತು ಮಾತುಗಳನ್ನು ಬಿಡಿಸಿ ಬರೆದರು, ಹಾಡುಗಳಿಗೆ ತಮ್ಮ ಭಾಷೆಯಲ್ಲೇ ಶೀರ್ಷಿಕೆ ಕೊಟ್ಟರು, ಇದು ನಮ್ಮದು, ಹೀಗೆ ಬಳಸಿ ಅಂತ ತಿಳಿಸುವ ಗುರುತುಪಟ್ಟಿಗಳನ್ನೂ ಜೋಡಿಸಿದರು. ಸದ್ದು ಅದೇ, ಆದರೆ ಅದರಲ್ಲಿ ಏನಿದೆ ಅಂತ ಹೇಳಬಲ್ಲವರ ಕಿವಿಗೆ ಬಿದ್ದ ಮೇಲೆ ಅದರ ಬೆಲೆಯೇ ಬೇರೆ ಆಯಿತು.

ನಮ್ಮ ಕಡೆಯದ್ದೂ ಒಂದು ಉದಾಹರಣೆ ಇದೆ, ನನಗೆ ತುಂಬ ಇಷ್ಟವಾದದ್ದು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತ ಸುತ್ತಿ ಜನಪದ ಸಂಗೀತ ರೆಕಾರ್ಡ್ ಮಾಡಿದ್ದರು. 1984ರಲ್ಲಿ ಸಂಗೀತ ಸಂಶೋಧಕರಾದ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ರೆಕಾರ್ಡಿಂಗ್‌ಗಳನ್ನು ಹಿಡಿದುಕೊಂಡು ತಮಿಳುನಾಡು, ಕೇರಳ, ಕರ್ನಾಟಕಕ್ಕೆ ಬಂದರು. ಹಾಡಿದವರು ಯಾರಾದರೂ ಇದ್ದಾರಾ, ಅವರ ಮನೆಯವರು ಇನ್ನೂ ಹಾಡುತ್ತಾರಾ, ಏನು ಬದಲಾಗಿದೆ, ಏನು ನಿಂತೇಹೋಗಿದೆ ಅಂತ ವಿಚಾರಿಸಿದರು. ಹಳೆಯ ಧ್ವನಿ ಹಿಡಿದುಕೊಂಡು ಮತ್ತೆ ಅದೇ ಜಾಗಕ್ಕೆ ಹೋಗುವುದು ಎಷ್ಟು ಸರಳವಾದ ಕೆಲಸ ಅಲ್ವಾ? ಆದರೆ ಮಾಡುವವರು ಎಷ್ಟು ಕಡಿಮೆ! ಇದೇ ಜೈರಾಜ್‌ಭಾಯ್ ಅವರ ಮುತುವರ್ಜಿಯಿಂದ 1982ರಲ್ಲಿ ಒಂದು ಸಂಗೀತ ಆರ್ಕೈವ್, ಅಂದರೆ ರೆಕಾರ್ಡಿಂಗ್‌ಗಳನ್ನು ಕಾಪಾಡಿಡುವ ಸಂಗ್ರಹಾಲಯ ಕೂಡ ಶುರುವಾಯಿತು, ಈಗ ಅದು ಗುರುಗ್ರಾಮದಲ್ಲಿದೆ. ಹೊರದೇಶದವರು ಇಲ್ಲಿ ರೆಕಾರ್ಡ್ ಮಾಡಿಕೊಂಡು ಹೋದದ್ದರ ಪ್ರತಿ ಇಲ್ಲೂ ಇರಬೇಕು ಅನ್ನುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು.

ಕಪಾಟಿನಲ್ಲಿಟ್ಟದ್ದಾದರೂ ಸುಮ್ನೆ ಇರುತ್ತದಾ ಅಂದರೆ ಅದೂ ಇಲ್ಲ. ಮೇಣಕ್ಕೆ ಬೂಷ್ಟು ಹಿಡಿಯುತ್ತದೆ, ಬಿದ್ದರೆ ಒಡೆಯುತ್ತದೆ. 1970-80ರ ದಶಕದ ಎಷ್ಟೋ ಟೇಪುಗಳ ಅಂಟು ತೇವ ಹೀರಿಕೊಂಡು ಜಿಗುಟಾಗುತ್ತದೆ, ಹಾಗೇ ಓಡಿಸಿದರೆ ಧ್ವನಿ ಇರುವ ಪದರವೇ ಕಿತ್ತು ಬರುತ್ತದೆ. ಅಂಥ ಟೇಪನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ, ಅದು ಮತ್ತೆ ಕೆಡುವ ಮೊದಲು ನಕಲು ಮಾಡಿಕೊಳ್ಳುತ್ತಾರೆ. ಟೇಪು ಚೆನ್ನಾಗಿದ್ದರೂ ಅದನ್ನು ಓಡಿಸುವ ಯಂತ್ರ, ಅದರ ಬಿಡಿಭಾಗ, ರಿಪೇರಿ ಬಲ್ಲವರು ಸಿಗಬೇಕಲ್ಲ. 2025ರೊಳಗೆ ಡಿಜಿಟಲ್‌ಗೆ ಇಳಿಸದ ಟೇಪುಗಳಲ್ಲಿ ಬಹುಪಾಲು ಕೈತಪ್ಪಿ ಹೋಗಬಹುದು ಅಂತ ಆಸ್ಟ್ರೇಲಿಯಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಆರ್ಕೈವ್ ಎಷ್ಟೋ ಮೊದಲೇ ಎಚ್ಚರಿಸಿತ್ತು. ಆ ವರ್ಷ ಬಂದೇಬಿಟ್ಟಿತು.

ಹಾಗಂತ ಎಲ್ಲವನ್ನೂ ಇಂಟರ್ನೆಟ್‌ಗೆ ಹಾಕಿಬಿಟ್ಟರೆ ಮುಗಿಯಿತು ಅನ್ನುವವರ ಜೊತೆ ನನಗೆ ತಕರಾರಿದೆ. ಸಾವಿನ ಮನೆಯ ಹಾಡು, ಆಚರಣೆಯ ಹೊತ್ತಿಗಷ್ಟೇ ಹಾಡುವ ಹಾಡು, ಹೆಂಗಸರೇ ತಮ್ಮೊಳಗೆ ಹಾಡಿಕೊಳ್ಳುವ ಹಾಡು, ಇವೆಲ್ಲ ಎಲ್ಲರೂ ಕೇಳಲಿ ಅಂತ ಇರುವಂಥವಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ವರುಮುಂಗು ಜನರ ಜೊತೆ ಸೇರಿ ಕಟ್ಟಿದ ಮುಕುರ್ತು ಅನ್ನುವ ಸಾಫ್ಟ್‌ವೇರ್ ಇದನ್ನು ಅರ್ಥ ಮಾಡಿಕೊಂಡಿದೆ. ಯಾವುದನ್ನು ಯಾರು ಕೇಳಬಹುದು, ನೋಡಬಹುದು ಅಂತ ಅದರಲ್ಲಿ ಸಮುದಾಯವೇ ನಿರ್ಧರಿಸುತ್ತದೆ.

ಈಗ ಎಲ್ಲರ ಕೈಯಲ್ಲೂ ಫೋನಿದೆ. ನೀವು ಯಾರದಾದರೂ ಹಾಡು ಹಿಡಿಯುವುದಾದರೆ ಮೊದಲು ಅದರಲ್ಲೇ ಮಾತಾಡಿ: ಹಾಡುತ್ತಿರುವವರು ಯಾರು, ಯಾವ ಜಾಗ, ಯಾವ ದಿನ, ಯಾರಿಂದ ಕಲಿತರು. ಫೈಲಿನ ಹೆಸರು ಬದಲಾದರೂ, ಚೀಟಿ ಕಳೆದುಹೋದರೂ ಆ ಧ್ವನಿ ಅಲ್ಲೇ ಇರುತ್ತದೆ. ಯಾರಿಗೆ ಕೇಳಿಸಬಹುದು ಅಂತಲೂ ಆಗಲೇ ಕೇಳಿ, ಅವರ ಉತ್ತರವೂ ದಾಖಲಾಗಲಿ. ಹಾಡು ಮುಗಿದ ತಕ್ಷಣ ನಿಲ್ಲಿಸಬೇಡಿ, ಇದನ್ನು ನಮ್ಮಜ್ಜಿ ಬೇರೆ ಥರ ಹಾಡುತ್ತಿದ್ದಳು ಅನ್ನುವಂಥ ಮಾತು ಬರುವುದೇ ಆಮೇಲೆ. ಸಾಧ್ಯವಾದರೆ ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲಿನಲ್ಲೇ ಹಿಡಿಯಿರಿ, ಮೆಸೇಜಲ್ಲಿ ಬಂದ ಕುಗ್ಗಿದ ಪ್ರತಿಯನ್ನು ಮೂಲ ಅಂತ ಇಟ್ಟುಕೊಳ್ಳಬೇಡಿ. ಬೇರೆ ಬೇರೆ ಜಾಗದಲ್ಲಿ ಎರಡು ಮೂರು ಪ್ರತಿ ಇರಲಿ. ಒಂದು ಪ್ರತಿ ಹಾಡಿದವರ ಮನೆಯಲ್ಲಿ, ಅವರು ಯಾರ ಸಹಾಯವೂ ಇಲ್ಲದೆ ಹಾಕಿಕೊಂಡು ಕೇಳಬಹುದಾದ ರೂಪದಲ್ಲಿ ಇರಲಿ, ಮೆಮೊರಿ ಕಾರ್ಡಾದರೂ ಸರಿ.