ಮೊದಲು ಹೊರಗ ಬಿಡ್ರಿ

ಧಾರವಾಡದ ಜಿಟಿಜಿಟಿ ಮಳೆಯ ಮಧ್ಯಾಹ್ನ ಆಪ್ತಸಮಾಲೋಚನೆಗೆ ಬಂದ ಹೆಣ್ಣುಮಗಳ ಮೊದಲ ಮಾತು: "ಉಸಿರು ಸಾಲವಲ್ದು ರೀ. ಎದಿ ಡಬಡಬ ಹೊಡ್ಕೋತದ, ಕೈ ಜುಮ್ ಅಂತಾವು." ಹುಬ್ಬಳ್ಳಿಯಲ್ಲಿ, ಧಾರವಾಡಕ್ಕೆ ಓಡಾಡುವ ಚಿಗರಿ ಬಸ್ಸಿನ ಬಾಗಿಲು ಮುಚ್ಚಿದ ಕೂಡಲೇ ಶುರುವಾಗಿತ್ತಂತೆ. ಪಕ್ಕದವರು "ಜೋರಾಗಿ ಉಸಿರು ತಗೋರಿ" ಅಂದರು. ತಗೊಂಡಷ್ಟೂ ಹೆಚ್ಚಾಯಿತು.

ಹೆಚ್ಚಾಗದೆ ಇನ್ನೇನು? ಇಂಥ ಗಾಬರಿಯಲ್ಲಿ ಸಾಮಾನ್ಯವಾಗಿ ಆಮ್ಲಜನಕಕ್ಕೆ ಕೊರತೆ ಇರುವುದಿಲ್ಲ. ಮೇಲಿಂದ ಮೇಲೆ ಉಸಿರೆಳೆದು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ತಿರುಗುತ್ತದೆ, ಬೆರಳು, ತುಟಿ ಜುಮ್ಮೆನ್ನುತ್ತವೆ. ಹಾಗೆಂದು ಮೊದಲ ಸಲ ಎದೆನೋವು, ಏದುಸಿರು ಬಂದವರನ್ನು ವೈದ್ಯರಿಗೆ ತೋರಿಸದೆ ಉಸಿರಾಟದ ಅಭ್ಯಾಸಕ್ಕೆ ಕೈ ಹಾಕಬಾರದು. ಈಕೆಯ ಇಸಿಜಿ, ಥೈರಾಯ್ಡ್ ವರದಿ ಸರಿಯಿದ್ದವು.

ಪಾದ ನೆಲಕ್ಕೆ, ಬೆನ್ನು ಕುರ್ಚಿಗೆ, ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಕಣ್ಣು ತೆರೆದೇ ಇರಲಿ. ದೌರ್ಜನ್ಯ ಉಂಡವರಿಗೆ ಕಣ್ಣು ಮುಚ್ಚುವುದೇ ಭಯ ತರಬಹುದು. ಎದೆಯ ಮೇಲಿನ ಕೈ ಮಾತ್ರ ಏಳುತ್ತಿತ್ತು, ಹೊಟ್ಟೆ ಅಲುಗಲೇ ಇಲ್ಲ. ಕಾರಣ ಪರಕರದ ಬಿಗಿ ಲಾಡಿ. ಒಳಗೆ ಹೋಗಿ ಸಡಿಲಿಸಿಕೊಂಡು ಬಂದ ಮೇಲೆ ಹೊಟ್ಟೆ ಆಡಿತು. ಗಂಡಸರಲ್ಲಿ ಇದೇ ಕೆಲಸ ಬೆಲ್ಟ್ ಮಾಡುತ್ತದೆ.

"ಮೊದಲು ಹೊರಗ ಬಿಡ್ರಿ." ಒಲೆ ಊದಿದಂತೆ ಅಲ್ಲ, ಬಸಿಯಲ್ಲಿನ ಚಹಾ ಆರಿಸಿದಂತೆ. ಆಮೇಲೆ ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ಒಂದು ಸುತ್ತು 10 ಸೆಕೆಂಡಾದರೆ ನಿಮಿಷಕ್ಕೆ 6 ಉಸಿರು. ಉಸಿರು ಬಿಡುವಾಗ ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ತುಸು ನಿಧಾನವಾಗುತ್ತದೆ. ಅದಕ್ಕೇ ಬಿಡುವ ಹೊತ್ತು ಉದ್ದ. ಆದರೆ 6 ಈಕೆಗೆ ಎಟುಕಲಿಲ್ಲ. ಕೊನೆಗೆ ಗಕ್ಕನೆ ದೊಡ್ಡ ಉಸಿರು ಎಳೆದುಕೊಂಡು ಮಾಡಿದ್ದೆಲ್ಲ ನೀರುಪಾಲು. 3ಕ್ಕೆ ಒಳಗೆ, 4ಕ್ಕೆ ಹೊರಗೆ ಎಂದು ಇಳಿಸಿದ ಮೇಲೆ ದಾರಿಗೆ ಬಂತು. ಉಸಿರನ್ನೇ ನೋಡುತ್ತ ಕೂತರೆ ಗಾಬರಿ ಏರುವವರೂ ಇದ್ದಾರೆ. ಆಗ ಎಣಿಕೆ ಬಿಟ್ಟು ಪಾದದ ಕೆಳಗಿನ ನೆಲ, ಕಿಟಕಿಯಾಚೆಯ ಮಳೆಯ ಕಡೆಗೆ ಗಮನ ತಿರುಗಿಸಬೇಕು. ಉಸಿರು ಬಿಗಿಹಿಡಿಯುವ ಪದ್ಧತಿ ಮೊದಲ ದಿನ ಬೇಡ. ಆಸ್ತಮಾ ಇದ್ದವರಿಗೆ, ಗರ್ಭಿಣಿಯರಿಗೆ ಅಂತೂ ಬೇಡವೇ ಬೇಡ.

ಗಾಬರಿಗೆ 10ಕ್ಕೆ ಎಷ್ಟು ಎಂದು ಕೇಳಿದರೆ ಮೊದಲು 8 ಅಂದಿದ್ದವರು, ಐದು ನಿಮಿಷದ ನಂತರ 5 ಅಂದರು. ಸಾಕು. ಸೊನ್ನೆಗೆ ಇಳಿಸಲು ಹಟ ಹಿಡಿದರೆ ಅದೇ ಹೊಸ ಒತ್ತಡ.

ಮನೆಯಲ್ಲಿ ಎರಡು ವಾರ, ಮುಂಜಾನೆ ಮತ್ತು ಮಲಗುವ ಮುಂಚೆ ಐದೈದು ನಿಮಿಷ, ಮನಸ್ಸು ತಣ್ಣಗಿರುವಾಗಲೇ ರೂಢಿ. ಗಾಬರಿ ಬಂದ ಮೇಲೆ ಕಲಿಯಲು ಹೋದರೆ ಯುದ್ಧಕಾಲೇ ಶಸ್ತ್ರಾಭ್ಯಾಸ. ಹೊಟ್ಟೆತುಂಬ ರೊಟ್ಟಿ ಉಂಡ ಕೂಡಲೇ ಬೇಡ, ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆ ಅಲುಗಲು ಜಾಗ ಇರುವುದಿಲ್ಲ.

ಬಸ್ಸಿನ ವಿಷಯ ಬೇರೆ. ಆ ಭಯ ಹೋಗಬೇಕಾದರೆ ಸ್ವಲ್ಪ ಸ್ವಲ್ಪ ದೂರ ಹತ್ತಿ ಹೋಗಿಯೇ ರೂಢಿಯಾಗಬೇಕು. ಜುಬಿಲಿ ಸರ್ಕಲ್‌ನಿಂದ ಟೋಲ್ ನಾಕಾವರೆಗೆ ಮೊದಲ ವಾರ, ಆಮೇಲೆ ಇನ್ನೂ ಮುಂದಿನ ನವಲೂರಿನವರೆಗೆ. ಹತ್ತುವ ಮುಂಚೆ ನಿಲ್ದಾಣದಲ್ಲಿ ಮೂರು ನಿಮಿಷ ಉಸಿರಾಟ. ಒಳಗೆ ಹೋದ ಮೇಲೆ ಅದಕ್ಕೇ ಜೋತುಬೀಳಬಾರದು. ಎಣಿಸಿದ್ದಕ್ಕೇ ಬದುಕಿದೆ ಎನ್ನಿಸಿದರೆ ಬಸ್ಸಿನ ಭಯ ಹೋಗುವುದಿಲ್ಲ.

"ಒಳಗ ಗಾಬರಿ ಬಂದ್ರ ಏನ್ ಮಾಡ್ಲಿ ರೀ?"

"ಬರಲಿ ಬಿಡ್ರಿ ಅಕ್ಕಾರ. ಟೋಲ್ ನಾಕಾ ಬರೂತನಕ ಹಂಗ ಕುಂತಿರ್ರಿ."