ಅಮ್ಮನ ಸೆರಗಿನ ಪಿನ್ನು

ಬಸುರಿಯಾದ ಅಣ್ಣನ ಮಗಳ ಬಯಕೆ ಶಾಸ್ತ್ರಕ್ಕೆಂದು ನಾನೂ ಅಮ್ಮನೂ ಉತ್ತರದ ಒಂದು ದೊಡ್ಡ ಊರಿಗೆ ಹೊರಟಿದ್ದೆವು. ಉಡುಪಿಯಲ್ಲಿ ಕಾರು ಹತ್ತುವಾಗ ಇನ್ನೂ ಕತ್ತಲೆ. ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಕಿನ್ನಿಗೋಳಿ, ಕಟೀಲು ದಾಟಿದರೆ ಬಜ್ಪೆ, ಅಲ್ಲೇ ಮಂಗಳೂರು ವಿಮಾನ ನಿಲ್ದಾಣ. ಅಮ್ಮನ ಮಡಿಲಲ್ಲಿ ಒಂದು ಅಟ್ಟೆ ಶಂಕರಪುರ ಮಲ್ಲಿಗೆ, ಬಾಳೆಲೆಯಲ್ಲಿ ಸುತ್ತಿದ್ದು. ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲ ದೊಡ್ಡ ಬ್ಯಾಗಿಗೆ ಹೋಗಿತ್ತು. ಹೂವನ್ನು ಮಾತ್ರ ಅವಳು ಕೈಬಿಡಲಿಲ್ಲ.

ಅಮ್ಮನಿಗೆ ಹೆದರಿಕೆ ಇದ್ದದ್ದು ಬಜ್ಪೆಯ ಗುಡ್ಡದ್ದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಳಗೆ ಬಿದ್ದು 158 ಜನ ಹೋದರಲ್ಲ, ಅದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ವಿಮಾನ ಏರುವಾಗ, ಇಳಿಯುವಾಗ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ತಪಾಸಣೆಯ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. ಬಜ್ಪೆಯಲ್ಲಿ ಡಿಟೆಕ್ಟರ್ ಬೀಪ್ ಅಂದಾಗ ತಪಾಸಣೆಯ ಪರದೆಯೊಳಗಿದ್ದ ಹುಡುಗಿ ಕನ್ನಡದಲ್ಲೇ ಕೇಳಿದ್ದಳು: "ಮೊಣಗಂಟು ಆಪರೇಶನ್ ಆಗಿದೆಯಾ ಅಮ್ಮ?" ಸೀರೆಯ ಮೇಲಿಂದಲೇ ಮುಟ್ಟಿ ನೋಡಿ ಕಳಿಸಿದಳು. ಅಷ್ಟೇ.

ಬಯಕೆ ಚೆನ್ನಾಗಿ ಆಯಿತು. ಮಲ್ಲಿಗೆ ಮುಡಿಸುವಾಗ ಅಮ್ಮನ ಕಣ್ಣು ತುಂಬಿತ್ತು. ನಾಲ್ಕು ದಿನ ಇದ್ದು ವಾಪಸ್ ಹೊರಟೆವು.

ಆ ಊರಿನ ನಿಲ್ದಾಣದಲ್ಲಿ ಸಾಲು ಬಹಳ ಉದ್ದ ಇತ್ತು. ಟ್ರೇಯಲ್ಲಿ ಎಲ್ಲ ಹಾಕಿ, ಬೇಗ ಬೇಗ ಅನ್ನುತ್ತಿದ್ದರು. ಅಮ್ಮನ ಪರ್ಸೂ ಹೋಯಿತು. ಎರಡು ವರ್ಷದ ಹಿಂದೆ ಎರಡೂ ಮೊಣಗಂಟು ಬದಲಾಯಿಸಿದಾಗ ಡಾಕ್ಟರು ಕೊಟ್ಟ ಕಾರ್ಡು ಆ ಪರ್ಸಿನೊಳಗಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ಬೇಕಾದ ಹೊತ್ತಿಗೆ ಅದು ಎಕ್ಸ್‌ರೇ ಮಿಷನ್ನಿನ ಹೊಟ್ಟೆಯಲ್ಲಿ.

ಅಮ್ಮ ಒಳಗೆ ಹೋದಳು. ನನ್ನನ್ನು ಹೊರಗೇ ನಿಲ್ಲಿಸಿದರು. ಪರದೆ ಪೂರ್ತಿ ಮುಚ್ಚಿರಲಿಲ್ಲ, ಒಂದು ಗೇಣು ಸಂದು. ಡಿಟೆಕ್ಟರ್ ಮೊದಲು ಭುಜದ ಹತ್ತಿರ ಕೂಗಿತು. ಸೆರಗಿನ ಪಿನ್ನು. ಅದನ್ನು ತೆಗೆಸಿದರು. ಆಮೇಲೆ ಮೊಣಗಂಟಿನ ಹತ್ತಿರ. "ಊಪರ್, ಊಪರ್" ಅಂದಳು ಒಳಗಿದ್ದವಳು. ಅಮ್ಮನಿಗೆ ತುಳು ಬರುತ್ತದೆ, ಕನ್ನಡ ಬರುತ್ತದೆ, ಹಿಂದಿ ಬರುವುದಿಲ್ಲ. ಕೈ ಮೇಲೆತ್ತಿದಳು. ಪಿನ್ನಿಲ್ಲದ ಸೆರಗು ಜಾರಿತು. ಆ ಹುಡುಗಿ ಸೀರೆ ತೋರಿಸಿ ಮತ್ತೆ "ಊಪರ್" ಅಂದಳು. ಆಗ ಅಮ್ಮನಿಗೆ ಗೊತ್ತಾಯಿತು.

ಎಪ್ಪತ್ತೆರಡು ವರ್ಷದ ನನ್ನ ಅಮ್ಮ, ಮೊಮ್ಮಗಳ ಪ್ರಾಯದ ಹುಡುಗಿಯ ಎದುರು ಎರಡೂ ಕೈಯಲ್ಲಿ ನೆರಿಗೆ ಹಿಡಿದು ಮಂಡಿಯ ಮೇಲಿನವರೆಗೆ ಎತ್ತಿ ನಿಂತಳು. ಆ ಸಂದಿನ ನೇರಕ್ಕೆ ಗಂಡಸರ ಸಾಲು ಇತ್ತು. ನಾನು ಕೂಗಿದೆ, ಒಳಗೆ ಬಿಡಿ ಎಂದೆ. ಕಾಯಿರಿ ಎಂದರು. ಹೊರಗೆ ಬಂದ ಅಮ್ಮ ಪರ್ಸು ತೆಗೆದುಕೊಳ್ಳಲೇ ಇಲ್ಲ. ನೆಲದ ಮೇಲೆ ಬಗ್ಗಿ ಪಿನ್ನು ಹುಡುಕುತ್ತಿದ್ದಳು. ಸಿಗಲಿಲ್ಲ. ಸೆರಗನ್ನು ಒಂದು ಕೈಯಲ್ಲಿ ಒತ್ತಿ ಹಿಡಿದೇ ಗೇಟಿನವರೆಗೆ ನಡೆದಳು.

ಅಲ್ಲಿದ್ದ ಹಿರಿಯ ಅಧಿಕಾರಿಯನ್ನು ಕೇಳಿದೆ. ನಿಯಮ ಎಲ್ಲರಿಗೂ ಒಂದೇ ಎಂದರು. ತಪಾಸಣೆ ಬೇಡ ಅನ್ನುವವಳಲ್ಲ ನಾನು. 2020ರ ಜನವರಿಯಲ್ಲಿ ನಮ್ಮ ಮಂಗಳೂರು ವಿಮಾನ ನಿಲ್ದಾಣದಲ್ಲೇ ಬ್ಯಾಗಿನಲ್ಲಿ ಬಾಂಬ್ ಸಿಕ್ಕಿತ್ತು, ಹತ್ತಿರದ ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದರು. ಅದನ್ನು ಹಿಡಿದವರಿಗೆ ಇವತ್ತಿಗೂ ಕೈಮುಗಿಯುತ್ತೇನೆ. ಆದರೆ ಆ ಕೈಯ ಡಿಟೆಕ್ಟರ್‌ಗೆ ಲೋಹ ಇದೆ ಎಂದಷ್ಟೇ ಗೊತ್ತು. ಅದು ಚರ್ಮದ ಒಳಗಿದೆಯೋ ಸೀರೆಯ ಒಳಗಿದೆಯೋ ಹೇಳಲು ಅದಕ್ಕೆ ಬರುವುದಿಲ್ಲ. ಅದನ್ನು ಮನುಷ್ಯರೇ ಕೇಳಿ ತಿಳಿಯಬೇಕು, ಅಲ್ವಾ? ಬಟ್ಟೆಯ ಅಡಿ ಏನಾದರೂ ಬಚ್ಚಿಟ್ಟಿದ್ದರೆ ಬೊಂಬೆಯಂಥ ಚಿತ್ರದ ಮೇಲೆ ಆ ಜಾಗ ಮಾತ್ರ ತೋರಿಸುವ ಬಾಡಿ ಸ್ಕ್ಯಾನರ್‌ಗಳಿವೆ. ದೇಶದ 84 ನಿಲ್ದಾಣಗಳಲ್ಲಿ ಅವನ್ನು ಹಾಕಬೇಕೆಂದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2019ರಲ್ಲೇ ಹೇಳಿತ್ತು. ನಾವು ನಿಂತ ಸಾಲಿನಲ್ಲಿ ಅದಿರಲಿಲ್ಲ.

ಗೇಟಿನ ಹತ್ತಿರ ಎಲ್ಲ ನಮ್ಮ ಊರಿನ ಮಾತೇ. ಪಕ್ಕದಲ್ಲಿ ಕೂತಿದ್ದ ಕುಂದಾಪುರದ ಹೆಂಗಸು ಅಮ್ಮನ ಮುಖ ನೋಡಿಯೇ ಕೇಳಿದರು, "ಎಂತ ಆಯ್ತು?" ನಾನು ಹೇಳಿದೆ. ಅವರು ತಮ್ಮ ಕೈಬಳೆಯಿಂದ ಒಂದು ಪಿನ್ನು ಬಿಚ್ಚಿ ಅಮ್ಮನ ಸೆರಗಿಗೆ ತಾವೇ ಹಾಕಿದರು. ತಮ್ಮ ಅತ್ತೆಗೂ ಹೀಗೇ ಆಗಿತ್ತಂತೆ. ಎದುರಿನ ಸೀಟಿನ ಹಿರಿಯರಿಗೆ ಎದೆಯಲ್ಲಿ ಪೇಸ್‌ಮೇಕರ್. ಡಿಟೆಕ್ಟರನ್ನು ಅದರ ಮೇಲೆ ಹಿಡಿಯಬಾರದು ಎಂದು ಪ್ರತಿ ಸಲ ಬೇಡಿಕೊಳ್ಳಬೇಕು ಎಂದರು. "ಕಾರ್ಡು ಬ್ಯಾಗಿನಲ್ಲಿ ಹಾಕಬೇಡಿ, ಕೈಯಲ್ಲೇ ಇಟ್ಕೊಳ್ಳಿ" ಎಂದು ನನಗೆ ಹೇಳಿಕೊಟ್ಟರು. ಈ ಒಂದು ಮಾತು ನಾಲ್ಕು ದಿನ ಮೊದಲು ಗೊತ್ತಿದ್ದರೆ ಎಂದು ಸಂಕಟವಾಯಿತು.

ನಟಿ ಸುಧಾ ಚಂದ್ರನ್ ನೆನಪಾದರು. ಪ್ರತಿ ಸಲ ಕೃತಕ ಕಾಲು ಬಿಚ್ಚಿಸುತ್ತಾರೆ ಎಂದು 2021ರಲ್ಲಿ ಅವರು ವಿಡಿಯೋದಲ್ಲಿ ನೋವು ಹೇಳಿಕೊಂಡ ಮೇಲೆ ಭದ್ರತಾ ಪಡೆ ಕ್ಷಮೆ ಕೇಳಿತು. 2010ರ ಡಿಸೆಂಬರಿನಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ನಮ್ಮ ರಾಯಭಾರಿ ಮೀರಾ ಶಂಕರ್ ಅವರನ್ನು ಬದಿಗೆ ಕರೆದು ಮೈ ಮುಟ್ಟಿ ತಪಾಸಣೆ ಮಾಡಿದರು. ಅವರು ಉಟ್ಟದ್ದು ಸೀರೆ. ಇದನ್ನು ಒಪ್ಪಲಾಗದು ಎಂದು ಆಗ ವಿದೇಶಾಂಗ ಸಚಿವರಾಗಿದ್ದ ನಮ್ಮ ಎಸ್.ಎಂ. ಕೃಷ್ಣ ಹೇಳಿದ್ದರು. ಅಮ್ಮನ ಪರವಾಗಿ ಹಾಗೆ ಹೇಳಲು ಅವತ್ತು ಇದ್ದದ್ದು ನಾನೊಬ್ಬಳು. ನನ್ನ ಮಾತು ಆ ಪರದೆ ದಾಟಲಿಲ್ಲ.

ವಿಮಾನ ಬಜ್ಪೆಯ ಗುಡ್ಡದ ಮೇಲೆ ಇಳಿಯುವಾಗ ಅಭ್ಯಾಸದಂತೆ ಕೈ ಚಾಚಿದೆ. ಅಮ್ಮ ಹಿಡಿಯಲಿಲ್ಲ. ಅವಳ ಎರಡೂ ಕೈ ಮೊಣಗಂಟಿನ ಮೇಲೆ, ಸೀರೆಯನ್ನು ಒತ್ತಿ ಹಿಡಿದುಕೊಂಡಿದ್ದವು.

"ಕಟೀಲಿನಲ್ಲಿ ನಿಲ್ಲಿಸುವುದಾ ಅಮ್ಮ?" ಎಂದು ಕಾರಿನಲ್ಲಿ ಕೇಳಿದೆ.

"ಇವತ್ತು ಬೇಡ. ಮನೆಗೆ ಹೋಗುವ."

ಕಿನ್ನಿಗೋಳಿ ದಾಟಿದ ಮೇಲೆ ಅವಳೇ ಮಾತೆತ್ತಿದಳು. "ಮಗು ಹುಟ್ಟಿದ ಮೇಲೆ ನೋಡ್ಲಿಕ್ಕೆ ಹೋಗ್ಬೇಕಲ್ಲ ಮಗಾ. ರೈಲಾದರೆ ಎಷ್ಟು ಹೊತ್ತು?"

"ಎರಡು ರಾತ್ರಿ ಅಮ್ಮ. ನಿನ್ನ ಕಾಲಿಗೆ ಆಗ್ಲಿಕ್ಕಿಲ್ಲ."

"ಆಗ್ತದೆ" ಅಂದಳು.