ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ದೂರಕ್ಕಿಂತ ಗಂಟೆಗಳನ್ನು ಲೆಕ್ಕ ಹಾಕಿ

ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇರುವ ನೇರ ವಾಯುದೂರ ಸುಮಾರು 14,000 ಕಿ.ಮೀ. ಭೂಗೋಳದ ಮೇಲೆ ದಾರ ಹಿಡಿದು ನೋಡಿದರೆ ಈ ಹಾದಿ ಟಿಬೆಟ್, ಸೈಬೀರಿಯಾಗಳನ್ನು ದಾಟಿ ಉತ್ತರ ಧ್ರುವದ ಕಡೆಗೆ ಬಾಗಿ ಸಾಗುತ್ತದೆ. ಆದರೆ ವಿಮಾನಗಳು ಈ ಗೆರೆಯ ಮೇಲೆಯೇ ಹಾರುವುದಿಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ವಿಮಾನವನ್ನು ಬೇಗನೆ 10,000 ಅಡಿಗೆ ಇಳಿಸಬೇಕಾಗುತ್ತದೆ, ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಜೊತೆಗೆ 2022ರಿಂದ ಅನೇಕ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವಮಾರ್ಗದಲ್ಲಿ ನಿಲ್ಲದೆ ಹಾರಿಬಂದಾಗಲೂ ಸುಮಾರು 17 ಗಂಟೆ ಹಿಡಿದಿತ್ತು.

ವಯಸ್ಸಾದ ತಾಯಿಯವರನ್ನು ಕರೆದುಕೊಂಡು ಹೊರಟಿದ್ದ ನಾನು ಟೋಕಿಯೋದ ನರಿತಾ ವಿಮಾನ ನಿಲ್ದಾಣದ ಮೂಲಕ ಹೋಗುವ ಮಾರ್ಗವನ್ನು ಆರಿಸಿಕೊಂಡೆ. ದುಬೈ ಮೂಲಕ ಹೋದರೆ ಒಟ್ಟು ದೂರ 15,700 ಕಿ.ಮೀ. ದಾಟುತ್ತದೆ, ಅದರಲ್ಲಿ ಎರಡನೆಯ ಹಾರಾಟವೊಂದೇ 13,000 ಕಿ.ಮೀ.; ನರಿತಾ ಮೂಲಕವಾದರೆ 6,700 ಮತ್ತು 8,200 ಕಿ.ಮೀ.ಗಳ ಎರಡು ಭಾಗಗಳಾಗುತ್ತವೆ. ಮಂಡಿನೋವಿರುವವರಿಗೆ ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂರುವುದಕ್ಕಿಂತ ಎಂಟು ಮತ್ತು ಒಂಬತ್ತು ಗಂಟೆಗಳ ಎರಡು ಹಾರಾಟಗಳು, ನಡುವೆ ನಾಲ್ಕು ಹೆಜ್ಜೆ ನಡೆಯಲು ಮೂರು ಗಂಟೆಗಳ ಬಿಡುವು ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಮೊದಲ ವಿಮಾನ ಇಳಿಯುವುದೂ ಎರಡನೆಯದು ಹೊರಡುವುದೂ ನರಿತಾದಲ್ಲೇ ಆಗುವಂತೆ, ಒಂದೇ ಟಿಕೆಟ್‌ನಲ್ಲಿ ಬುಕ್ ಮಾಡಿ. ಟೋಕಿಯೋದ ಇನ್ನೊಂದು ವಿಮಾನ ನಿಲ್ದಾಣವಾದ ಹನೇದಾಗೆ ಹೋಗಿ ವಿಮಾನ ಹಿಡಿಯಬೇಕಾದರೆ ನಗರದ ಇನ್ನೊಂದು ಅಂಚಿಗೆ ಪ್ರಯಾಣಿಸಬೇಕು, ಅದಕ್ಕೆ ಜಪಾನ್ ವೀಸಾ ಸಹ ಬೇಕಾಗುತ್ತದೆ.

ಟಿಕೆಟ್‌ನಲ್ಲಿರುವ ಸಮಯಗಳೆಲ್ಲ ಆಯಾ ಊರಿನವು. ಬೆಳಗಿನ ಜಾವ ಎರಡೂವರೆಯ ಹೊತ್ತಿಗೆ ಹೊರಟು ಅದೇ ತಾರೀಖಿನ ಬೆಳಿಗ್ಗೆ ಹತ್ತೂವರೆಗೆ ಇಳಿಯುವಂತೆ ಕಂಡರೂ ನಿಜವಾದ ಪ್ರಯಾಣ ಇಪ್ಪತ್ತು ಗಂಟೆಗೂ ಹೆಚ್ಚು. ಇಳಿಯುವ ಸಮಯಕ್ಕೆ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೆಯ ಭಾನುವಾರದವರೆಗೆ ಹದಿಮೂರೂವರೆ ಗಂಟೆ ಕೂಡಿಸಿದರೆ ನಮ್ಮ ಗಡಿಯಾರದ ಹೊತ್ತು ಸಿಗುತ್ತದೆ. ಬಿ.ಪಿ., ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಬಹಳ ಮುಖ್ಯ. ವೈದ್ಯರನ್ನು ಮೊದಲೇ ಕೇಳಿ, ಯಾವ ಮಾತ್ರೆ ಎಷ್ಟು ಗಂಟೆಗಳ ಅಂತರದಲ್ಲಿ ಎಂದು ಬರೆಸಿಕೊಂಡು, ಅವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ತಾಯಿಯವರ ಕೈಗಡಿಯಾರವನ್ನು ನಾವು ಪ್ರಯಾಣದುದ್ದಕ್ಕೂ ಭಾರತದ ಸಮಯದಲ್ಲೇ ಬಿಟ್ಟಿದ್ದೆವು. ಅದರಿಂದ ಒಂದು ಮಾತ್ರೆಯೂ ತಪ್ಪಲಿಲ್ಲ. ಸಸ್ಯಾಹಾರದ ಊಟ ಮತ್ತು ಗಾಲಿಕುರ್ಚಿಯನ್ನು ಎರಡು ದಿನ ಮೊದಲೇ ಕೇಳಿಡಿ.

ಹಿಂದಿರುಗುವಾಗ ಗಂಟೆಗಳು ಹೆಚ್ಚುತ್ತವೆ. ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಹೋಗುವಾಗ ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಚಳಿಗಾಲದಲ್ಲಿ ಅದರ ಬಲ ಇನ್ನೂ ಜಾಸ್ತಿ. ಹೋಗುವಾಗ ಒಂಬತ್ತು ಗಂಟೆಯಾಗಿದ್ದ ಹಾದಿಗೆ ಬರುವಾಗ ಹನ್ನೊಂದು ಗಂಟೆ ಬೇಕಾಗುವುದರಿಂದ, ವಾಪಸಾತಿಯಲ್ಲಿ ನರಿತಾದ ಬಿಡುವು ಎರಡು ಗಂಟೆಗಿಂತ ಕಡಿಮೆಯಿರುವ ಟಿಕೆಟನ್ನು, ಅದು ಎಷ್ಟೇ ಅಗ್ಗವಾಗಿದ್ದರೂ, ತೆಗೆದುಕೊಳ್ಳಬೇಡಿ.